ನಮ್ಮ ಮಾವ ಕಟ್ಟಿದ ಕಾಣದ ಗೋಡೆ

ನಮ್ಮ ಸೋದರಮಾವನ ಕೈಗೆ ಈ ಜಗತ್ತನ್ನು ಒಂದು ದಿನದ ಮಟ್ಟಿಗೆ ಕೊಟ್ಟು ನೋಡಿ. ಸಂಜೆಯೊಳಗೆ ಅದನ್ನು ಓಣಿ ಓಣಿಯಾಗಿ ವಿಂಗಡಿಸಿ, ಯಾರು ಯಾರನ್ನು ನೋಡಬಹುದು, ಯಾರು ನೋಡಬಾರದು ಎಂದು ತೀರ್ಮಾನಿಸಿ, ಚಹಾಕ್ಕೆ ಕೂತಿರುತ್ತಾರೆ! ಅವರ ತಟ್ಟೆಯಲ್ಲಿ ಬದನೆಕಾಯಿ ಪಲ್ಯ ಮೊಸರನ್ನು ಮುಟ್ಟುವಂತಿಲ್ಲ. ನಡುವೆ ರೊಟ್ಟಿಯ ತುಂಡೊಂದು ಕಾವಲಿಗಿರಬೇಕು.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಮಾವ ರಾಯಚೂರಿನಲ್ಲಿದ್ದುಕೊಂಡು ಸುತ್ತಲಿನ ಅಕ್ಕಿ ಗಿರಣಿ, ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡುತ್ತಾರೆ. ರೂಟರಿನ ಹೊಟ್ಟೆಗೆ ಸ್ವಿಚ್ ಮಾಡ್ಯೂಲ್ ಎಂಬ ಹಲಗೆ ತುರುಕಿದರೆ ವೈರು ಚುಚ್ಚುವ ಕಿಂಡಿಗಳ ಸಾಲೊಂದು ಸಿಗುತ್ತದೆ. ಈ ಕಿಂಡಿ ಕಚೇರಿಗೆ, ಆ ಕಿಂಡಿ ಕ್ಯಾಮೆರಾಗಳಿಗೆ ಎಂದು ಒಳಗೊಳಗೇ ಬೇರೆ ಮಾಡಿಬಿಟ್ಟರೆ, ಪೆಟ್ಟಿಗೆ ಒಂದೇ ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ಹೋಗುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ವಿಲ್ಯಾನ್ ಎಂದು ಹೆಸರು. ಮಾವ ಕರೆಯುವುದು ಓಣಿ ಎಂದೇ.

ಮಾನ್ವಿಯ ಗಿರಣಿ ಸಾಹುಕಾರರೊಬ್ಬರು ಆ ಪೆಟ್ಟಿಗೆಗೆ ಟಾರ್ಚ್ ಬಿಟ್ಟು ಹುಡುಕಿದರಂತೆ. “ಬ್ಯಾರೆ ಮಾಡೀನಿ ಅಂತೀರಿ, ನಡುವ ಗ್ವಾಡಿನ ಕಾಣವಲ್ದಲ್ರೀ?”

“ಕಾಣೋ ಗ್ವಾಡಿ ಗೌಂಡಿ ಕಟ್ತಾನ್ರಿ ಸಾವ್ಕಾರ್ರ. ಕಾಣದ್ದಕ್ಕ ನನ್ನ ಕರೀಬೇಕು,” ಎಂದರು ಮಾವ.

ಕುರ್ಡಿಯ ಬೀಗರ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಯ ಉಸ್ತುವಾರಿ ಇವರದೇ. ಖಾರ ತಿನ್ನುವವರದೊಂದು ಸಾಲು, ಸಕ್ಕರೆ ಕಾಯಿಲೆಯವರದೊಂದು ಸಾಲು. ಬಡಿಸುವವರು ಗೆರೆ ದಾಟುವ ಹಾಗಿಲ್ಲ. ಎಲ್ಲರನ್ನೂ ಓಣಿಗೆ ಹಾಕಿದ ಮಾವ ತಮ್ಮನ್ನು ಮಾತ್ರ ಯಾವ ಓಣಿಗೂ ಹಾಕಿಕೊಂಡಿರಲಿಲ್ಲ. ಹೋಳಿಗೆ ಎಲ್ಲಿಂದ ಸಿಗಬೇಕು? ಕೊನೆಗೆ ತಳದ ಅನ್ನ ಉಂಡು ಬಂದರು.

ದೇವದುರ್ಗದ ಕೆಲಸ ಮಾತ್ರ ಇಷ್ಟು ಸಲೀಸಾಗಲಿಲ್ಲ. ಅಲ್ಲಿ ನಮ್ಮ ದೊಡ್ಡವ್ವ, ಚಿಗವ್ವ, ಅಂದರೆ ಮಾವನ ಅಕ್ಕ ಮತ್ತು ತಂಗಿ, ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಯ ಎರಡು ಪಾಲಿನಲ್ಲಿದ್ದಾರೆ. ನಡುವೆ ಗೋಡೆ, ಇಂಟರ್ನೆಟ್ ಮಾತ್ರ ಒಂದೇ. ದೊಡ್ಡವ್ವನಿಗೂ ರಿಮೋಟಿಗೂ ಆಗಿಬರುವುದಿಲ್ಲ. ಹಾಗಾಗಿ ದಿನಾ ಮುಂಜಾನೆ ಚಿಗವ್ವ ತನ್ನ ಮೊಬೈಲಿನಿಂದಲೇ ಗೋಡೆಯಾಚೆಯ ಅಕ್ಕನ ಟಿವಿಗೆ ಪ್ರವಚನ ಹಚ್ಚುತ್ತಿದ್ದಳು. ಒಂದು ದಿನ ಬೆರಳು ಜಾರಿತು. ಮಠದ ಅಯ್ನೋರು ಪೂಜೆಗೆ ಬಂದು ಕೂತ ಹೊತ್ತಿಗೇ ದೊಡ್ಡವ್ವನ ಟಿವಿಯಲ್ಲಿ ಸೊಂಟ ಕುಣಿಸುವ ಹಾಡು!

“ಬೇಕಂತನ ಮಾಡ್ಯಾಳ,” ಎಂದು ದೊಡ್ಡವ್ವ ತಂಗಿಯೊಡನೆ ಮಾತು ಬಿಟ್ಟಳು. “ತಮ್ಮಾ, ಆಕಿ ಗಾಳಿ ನನ್ನ ಟಿವಿಗೆ ತಾಗಬಾರ್ದು ನೋಡಪಾ.”

ಮಾವನಿಗೆ ಇದಕ್ಕಿಂತ ಹಬ್ಬ ಉಂಟೇ? ರೂಟರಿಗೆ ಮಾಡ್ಯೂಲ್ ಹಾಕಿ, ಎರಡು ಓಣಿ ಮಾಡಿ, ಮೀಸೆ ತಿರುವಿದರು. ಅಂದಿನಿಂದ ಚಿಗವ್ವನ ಮೊಬೈಲಿಗೆ ಅಕ್ಕನ ಟಿವಿ ಕಾಣುವುದೇ ನಿಂತಿತು.

ಮುಂದಿನ ಸಲ ಮಾವನ ಜೊತೆ ನಾನೂ ಹೋಗಿದ್ದೆ. ದೊಡ್ಡವ್ವ ಕಪ್ಪಗಿದ್ದ ಟಿವಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದರೆ, “ಪ್ರವಚನ ಕೇಳಿ ಕೇಳಿ ಸಾಕಾಗೇದ,” ಎಂದಳು. ಈಚೆ ಚಿಗವ್ವ ನಮ್ಮನ್ನು ತನ್ನ ಅಡುಗೆಮನೆಗೆ ಕರೆದಳು.

“ಅಣ್ಣಾ, ಮುಂಜಾನಿ ಪ್ರವಚನದ ಜೊತಿ ಅಕ್ಕನೂ ವಚನ ಅಂತಿದ್ಲು. ಅದು ಗ್ವಾಡಿಯಾಗಿಂದ ಕೇಳಿದ್ರ ಅರಾಮ ಅದಾಳ ಅಂತ ಗೊತ್ತಾಗ್ತಿತ್ತು. ಈಗ ಚಾ ಗಂಟಲ್ದಾಗ ಇಳಿವಲ್ದು.”

“ಹೋಗಿ ಮಾತಾಡು.”

“ಮೊದಲ ಆಕಿ ಮಾತಾಡ್ಲಿ, ದೊಡ್ಡಾಕಿ.”

ಮಾವನ ಮುಖ ಸಣ್ಣದಾಯಿತು. ತಾವು ಮಾಡಿದ ಓಣಿಯನ್ನು ಅವರು ಎಂದೂ ಅಳಿಸಿದವರಲ್ಲ. ಆದರೂ ಲ್ಯಾಪ್‌ಟಾಪ್ ತೆರೆದರು.

“ಪೆಟಿಗಿ ಹೊಸದಾಗಿ ಬಂದಾಗ ಎಲ್ಲಾ ಕಿಂಡಿನೂ ಒಂದ ಓಣ್ಯಾಗ ಇರ್ತಾವ,” ಎಂದರು ನನಗೆ. “ಬ್ಯಾರೆ ಮಾಡಾವ್ರು ನಾವ.”

ದೊಡ್ಡವ್ವನ ಟಿವಿಯ ವೈರಿದ್ದ ಕಿಂಡಿಯನ್ನು ತಂಗಿಯ ಓಣಿಗೆ ದಾಟಿಸಿ, ಚಿಗವ್ವನಿಗೆ ಕಣ್ಸನ್ನೆ ಮಾಡಿದರು. ಅವಳು ಹೆದರುತ್ತಲೇ ಪ್ರವಚನ ಹಚ್ಚಿದಳು. ಗೋಡೆಯಾಚೆ ಟಿವಿ ಮಾತಾಡತೊಡಗಿತು. ಅವರೆಕಾಳು ತಟ್ಟೆಗೆ ಬೀಳುವ ಸದ್ದು ನಿಂತಿತು. ಇನ್ನೇನು ಬೈಗುಳ ಬರುತ್ತದೆಂದು ಮಾವ ರೂಟರಿನ ಪಕ್ಕದಲ್ಲೇ ನಿಂತಿದ್ದರು.

“ಏನೂ ಕೇಳವಲ್ದು,” ಎಂದಿತು ದೊಡ್ಡವ್ವನ ದನಿ. “ಜರಾ ಜೋರ್ ಮಾಡಬೇ.”

ಚಿಗವ್ವನಿಗೆ ಕಣ್ಣು ತುಂಬಿ ಮೊಬೈಲೇ ಕಾಣಲಿಲ್ಲ. ಜೋರು ಮಾಡಿದ್ದು ಮಾವ.

ಅಂದು ಮಧ್ಯಾಹ್ನ ಅಕ್ಕ ಒಂದು ಕಡೆಯಿಂದ, ತಂಗಿ ಇನ್ನೊಂದು ಕಡೆಯಿಂದ ಬಡಿಸಿದ ರಭಸಕ್ಕೆ ಮಾವನ ತಟ್ಟೆಯಲ್ಲಿ ಪಲ್ಯವೆಲ್ಲ ಮೊಸರಿಗೆ ಹರಿಯಿತು. ಮಾವ ಕಲಸಿಕೊಂಡು ಉಂಡರು.