ಹೊಸ ನಂಬರಿನ ಕಾರು, ಹಳೇ ಗೋಡೆ

ಮ್ಯಾಲಕಿಯ ಪ್ರಕಾರ ಅವನ ಕಾರಿಗೆ ಯಾವ ರೋಗವೂ ಇರಲಿಲ್ಲ. ಎಡಗಡೆಯ ಮುಂದಿನ ಬಾಗಿಲು ತೆಗೆಯುವುದಿಲ್ಲ, ಅಷ್ಟೆ. (ಬಾಗಿಲು ಕಡಿಮೆಯಾದಷ್ಟೂ ಕಳ್ಳರ ಭಯ ಕಡಿಮೆ ಎಂದು ಅವನ ವಾದ.) ಆದರೆ ಆ ಬಾಗಿಲ ಪಕ್ಕ ಕೂರುವವಳು ಅವನ ಹೆಂಡತಿ ಡಿಂಪ್ನಾ. ಪ್ರತಿ ಭಾನುವಾರ ಚರ್ಚಿನ ಮುಂದೆ ಮ್ಯಾಲಕಿ ತಾನು ಮೊದಲು ಇಳಿದು, ಮಹಾರಾಣಿಯ ಸವಾರಿಗೆ ಕಾದ ದಿವಾನನಂತೆ ಬಲಬಾಗಿಲು ಹಿಡಿದು ನಿಲ್ಲುತ್ತಿದ್ದ. ಮಹಾರಾಣಿ ಗೇರು ದಾಟಿ, ಸ್ಟಿಯರಿಂಗಿಗೆ ಮೊಣಕಾಲು ಬಡಿಸಿಕೊಂಡು, ಒಮ್ಮೊಮ್ಮೆ ಹಾರ್ನನ್ನೂ ಬಾರಿಸಿ, ಇಡೀ ಕಿಲ್‌ಬ್ರೀನ್ ಊರಿನ ಎದುರು ಹೊರಬೀಳುತ್ತಿದ್ದಳು. ತೆಗೆಯದ ಬಾಗಿಲಿಗೆ ಜಾಗ ಯಾಕೆ ದಂಡ ಎಂದು ಮ್ಯಾಲಕಿ ಕಾರನ್ನು ಯಾವಾಗಲೂ ಗೋಡೆಗೆ ಅಂಟಿಸಿಯೇ ನಿಲ್ಲಿಸುತ್ತಿದ್ದ. ಈ ಕಲೆಯಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ.

ಡಿಸೆಂಬರಿನಲ್ಲಿ ಡಿಂಪ್ನಾ ಕಡ್ಡಿ ಮುರಿದ ಹಾಗೆ ಹೇಳಿದಳು. "ಜನವರಿ ಕೊನೇಲಿ ನನ್ನ ತಂಗಿ ಮಗಳ ಮದುವೆ. ಹೊಸ ಹ್ಯಾಟು ತಗೊಂಡಿದೀನಿ. ಆ ಹ್ಯಾಟು ಹಾಕ್ಕೊಂಡು ಈ ಡಬ್ಬದಿಂದ ತೆವಳ್ಕೊಂಡು ಬರೋಳಲ್ಲ ನಾನು. ಬೇರೆ ಕಾರು ಬರ್ಲಿಲ್ವೋ, ನೀನೊಬ್ನೇ ಹೋಗು. ನನ್ನ ತಂಗಿಗೆ ನೀನೇ ಉತ್ತರ ಹೇಳು."

ನಾದಿನಿಗೆ ಉತ್ತರ ಹೇಳುವುದೆಂದರೆ ಮ್ಯಾಲಕಿಗೆ ಎದೆ ಝಲ್ಲೆನ್ನುತ್ತಿತ್ತು. "ಬರುತ್ತೆ ಕಣೇ, ಕಾರು ಬಂದೇ ಬರುತ್ತೆ. ಆದ್ರೆ ಈಗ ಕೊಂಡ್ರೆ ನಾವು ಪೆದ್ದರು. ಜನವರಿ ಬರಲಿ."

ಅವನ ಮಾತಿಗೆ ಆಧಾರವಿತ್ತು. ಐರ್ಲೆಂಡಿನಲ್ಲಿ ನಂಬರ್ ಪ್ಲೇಟಿನ ಮೊದಲ ಎರಡಂಕಿಯೇ ಕಾರಿನ ಜಾತಕ. ಹುಟ್ಟಿದ ವರ್ಷವನ್ನು ಹಣೆಯ ಮೇಲೆ ಬರೆದುಕೊಂಡೇ ಅದು ಊರು ತಿರುಗಬೇಕು. ಆದ್ದರಿಂದ ಹೊಸ ವರ್ಷ ಹುಟ್ಟುವ ತನಕ ಹೊಸ ಕಾರಿನ ಕಡೆ ಯಾರೂ ತಲೆ ಹಾಕುವುದಿಲ್ಲ.

"ಜನವರಿ ಬಂತೂಂದ್ರೆ ಎಲ್ರೂ ಹೊಸ ನಂಬರಿಗೆ ಮುಗಿಬೀಳ್ತಾರೆ," ಎಂದು ಮ್ಯಾಲಕಿ ಅರ್ಥಶಾಸ್ತ್ರ ಬಿಚ್ಚಿದ. "ಹಳೇದನ್ನೆಲ್ಲ ತಂದು ಗ್ಯಾರೇಜಿಗೆ ಸುರೀತಾರೆ. ಬೆಲೆ ದಬಾರ್ ಅಂತ ಬೀಳುತ್ತೆ. ಆಗ ನಾನು ನಿಧಾನಕ್ಕೆ ಹೋಗಿ..."

"ನೀನು ನಿಧಾನಕ್ಕೆ ಹೋಗೋದ್ರಲ್ಲಿ ನಂಗೇನೂ ಅನುಮಾನ ಇಲ್ಲ," ಎಂದು ಡಿಂಪ್ನಾ ಎದ್ದು ಹೋದಳು.

ಮ್ಯಾಲಕಿಗೆ ಗೊತ್ತಿಲ್ಲದ ಒಂದು ಸಂಗತಿ ಓದುಗರಿಗೆ ಗೊತ್ತಿರಲಿ. ಪಕ್ಕದ ಮನೆಯ ಕಾಹಲ್ ಜನವರಿಗೆ ಹೊಸ ಕಾರು ಹೇಳಿಟ್ಟಿದ್ದ. ಅವನ ಬೆಳ್ಳಿ ಬಣ್ಣದ ಹಳೆಯ ಕಾರು ಪ್ರತಿ ಶನಿವಾರ ಮೈತೊಳೆಸಿಕೊಂಡು ಬೆಳೆದ ಮುದ್ದಿನ ಕೂಸು. ಡಿಂಪ್ನಾ ಕಾಂಪೌಂಡಿನ ಮೇಲಿಂದಲೇ ಅವನ ಹೆಂಡತಿ ನೂಲಾಳ ಜೊತೆ ಮಾತಾಡಿ ಮುಗಿಸಿದ್ದಳು: ಹೊಸದು ಬಂದ ದಿನವೇ ಹಳೆಯದು ಇವರ ಮನೆಗೆ. ಗಂಡಸರಿಬ್ಬರಿಗೂ ಆಮೇಲೆ ಹೇಳಿದರಾಯಿತು. ಮ್ಯಾಲಕಿ ಬಾಯಿ ಹಾಕಿದರೆ ಆಗುವ ಕೆಲಸವೂ ಕೆಡುತ್ತದೆ ಎಂದು ಅವಳ ಎಣಿಕೆ.

ಕ್ರಿಸ್‌ಮಸ್ ಕಳೆದ ವಾರ ಪಬ್ಬಿನಲ್ಲಿ ಕಾಹಲ್ ಬಿಯರಿನ ಲೋಟ ತಿರುಗಿಸುತ್ತ ಕೂತಿದ್ದ. "ಹೊಸ ಕಾರಿಗೆ ಹೇಳೇನೋ ಇಟ್ಟಿದೀನಿ. ಮನಸ್ಸು ಯಾಕೋ ಹೊಯ್ದಾಡ್ತಿದೆ ಮಾರಾಯ. ನೀನೇನಂತೀಯ?"

ಮ್ಯಾಲಕಿಯ ಕಣ್ಣು ತುಂಬಿ ಬಂತು. ನೀನೇನಂತೀಯ ಎಂದು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ. (ಮನೆಯಲ್ಲಿ 'ನೀನೇನಂದ್ಕೊಂಡಿದೀಯ' ಎಂಬ ಪ್ರಶ್ನೆ ಬರುವುದುಂಟು. ಅದಕ್ಕೆ ಉತ್ತರ ಕೊಡುವಂತಿಲ್ಲ.) ಅವನು ಲೋಟ ಕೆಳಗಿಟ್ಟು ಎದ್ದೇ ನಿಂತ.

"ಹೊಸ ನಂಬರು ಅನ್ನೋದು ಬರೀ ಜಂಬ ಕಾಹಲ್! ಗ್ಯಾರೇಜಿನ ಗೇಟು ದಾಟಿದ ಗಳಿಗೇಲೇ ಅದರ ಬೆಲೆ ಇಳಿಯೋಕೆ ಶುರು. ನಿನ್ನ ಕಾರಿಗೇನಾಗಿದೆ? ಬಂಗಾರ ಕಣಯ್ಯಾ ಅದು! ಪಕ್ಕದ ಮನೆಯವನು ನೋಡ್ಲಿ ಅಂತ ಕಾರು ಕೊಳ್ತಾರೇನು? ಪಕ್ಕದ ಮನೆಯವನು ನಾನೇ, ನಾನು ನೋಡೋದೂ ಇಲ್ಲ!"

ಪಬ್ಬಿಗೆ ಪಬ್ಬೇ ಮಾತು ನಿಲ್ಲಿಸಿ ಕೇಳುತ್ತಿತ್ತು. ಮ್ಯಾಲಕಿ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದು ಸುಖವಾಗಿ ನಿದ್ದೆ ಮಾಡಿದ.

ಜನವರಿ ಬಂತು. ಮ್ಯಾಲಕಿ ಕೈ ಉಜ್ಜಿಕೊಳ್ಳುತ್ತ, ಕಾರು ಮಾರುವ ಫಿನ್‌ಬರನ ಗ್ಯಾರೇಜಿಗೆ ಹೋದರೆ ಅಂಗಳ ಭಣಗುಟ್ಟುತ್ತಿತ್ತು.

"ಎಲ್ಲಪ್ಪಾ ಹಳೇ ಕಾರುಗಳು?"

"ಹೊಸದು ಹೋದ್ರೆ ತಾನೇ ಹಳೇದು ಬರೋದು?" ಫಿನ್‌ಬರ್ ಹಣೆ ಚಚ್ಚಿಕೊಂಡ. "ಈ ಸಲ ಊರಿಗೆ ಊರೇ ಹೊಸ ನಂಬರ್ ಬೇಡ ಅಂತಿದೆ. ಇರೋ ಒಂದೆರಡು ಹಳೇ ಕಾರಿಗೆ ಜನ ಕಿತ್ತಾಡ್ತಿದಾರೆ. ಬೆಲೆ ಹೇಳಿದ್ರೆ ನೀನಿಲ್ಲೇ ಕುಸಿದು ಕೂತ್ಬಿಡ್ತೀಯ. ಪಬ್ಬಲ್ಲಿ ಯಾವನೋ ಪುಣ್ಯಾತ್ಮ ಭಾಷಣ ಬಿಗಿದನಂತೆ. ನನ್ನ ಕೈಗೆ ಸಿಗಲಿ ಅವನು!"

"ಎಂಥೆಂಥಾ ಜನ ಇರ್ತಾರೆ!" ಎಂದು ಮ್ಯಾಲಕಿ ಮೆಲ್ಲಗೆ ಜಾರಿಕೊಂಡ.

ಅವತ್ತು ಸಂಜೆ ಕಾಹಲ್ ವಿಸ್ಕಿ ಬಾಟಲಿ ಹಿಡಿದು ಬಂದ. "ಮ್ಯಾಲಕಿ, ನೀನು ನನ್ನ ಕಣ್ಣು ತೆರೆಸಿದೆ! ಹೊಸದು ಬೇಡ ಅಂತ ಹೇಳ್ಬಿಟ್ಟೆ. ಬೆಳ್ಳಿ ಕಾರು ಇನ್ನು ನನ್ನ ಜೊತೇಗೇ ಮಣ್ಣಾಗೋದು."

ಡಿಂಪ್ನಾ ಚಹಾದ ಕೆಟಲ್ ಹಿಡಿದು ನಿಂತಲ್ಲೇ ನಿಂತಳು. ಕಾಹಲ್ ಹೊರಟುಹೋದ ಮೇಲೆ ಬಾಗಿಲು ಮುಚ್ಚಿ, ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದಳು. (ಅವಳು ಕೂಗಾಡಿದ್ದರೆ ಮ್ಯಾಲಕಿಗೆ ಎಷ್ಟೋ ನಿರಾಳವಾಗುತ್ತಿತ್ತು.) "ಆ ಕಾರು ನಮ್ಮ ಮನೆಗೆ ಬರೋದಿತ್ತು, ಮ್ಯಾಲಕಿ. ನಾನೂ ನೂಲಾನೂ ಮಾತಾಡಿ ಆಗಿತ್ತು."

"ನಂಗೊಂದು ಮಾತು ಹೇಳಬಾರದಿತ್ತೇನೇ?"

"ನಿಂಗೆ ಹೇಳಿದ್ರೆ ಕೆಡಿಸ್ತೀಯ ಅಂತ ಹೇಳ್ಲಿಲ್ಲ. ಹೇಳದೇ ಇದ್ರೂ ಕೆಡಿಸ್ತೀಯ ಅಂತ ಗೊತ್ತಿರ್ಲಿಲ್ಲ, ನನ್ನದೇ ತಪ್ಪು."

ಮರುದಿನ ಅವಳೇ ಗಂಡನನ್ನು ಫಿನ್‌ಬರನ ಬಳಿಗೆ ಎಳೆದುಕೊಂಡು ಹೋದಳು. ಅಲ್ಲಿ ಗಿರಾಕಿಯಿಲ್ಲದೆ ನಿಂತಿದ್ದದ್ದು ಕಾಹಲ್ ಬೇಡವೆಂದ ಕಾರು, ಥಳಥಳ ಹೊಳೆಯುವ ಹೊಸ ನಂಬರಿನದು. ಹಳೆಯ ಡಬ್ಬವನ್ನು ಒಯ್ಯಲು ಫಿನ್‌ಬರ್ ಒಪ್ಪಿದ್ದು ಕಾಹಲ್ ತಂದ ವಿಸ್ಕಿ ಬಾಟಲಿಯನ್ನು ಅವನ ಕೈಗಿಟ್ಟ ಮೇಲೆಯೇ. ವ್ಯಾಪಾರ ಕುದುರಿದ ಮೇಲೆ, ಊರಿನ ಪದ್ಧತಿಯಂತೆ ಫಿನ್‌ಬರ್ ಅದೃಷ್ಟಕ್ಕೆಂದು ಒಂದು ನೋಟನ್ನು ಹಿಂದಕ್ಕೆ ಕೊಟ್ಟ. ಅದು ನೇರವಾಗಿ ಡಿಂಪ್ನಾಳ ಕೈಚೀಲ ಸೇರಿತು.

ಮದುವೆಯ ದಿನ ಚರ್ಚಿನ ಅಂಗಳದಲ್ಲಿ ನೆಂಟರೆಲ್ಲ ತಿರುಗಿ ನೋಡಿದರು. "ನೋಡ್ರೋ, ಮ್ಯಾಲಕಿ ಹೊಸ ನಂಬರು!" ಎಂದು ಯಾರೋ ಕೂಗಿದರು. ಮ್ಯಾಲಕಿಯ ಎದೆ ಉಬ್ಬಿತು. ಉಬ್ಬಿದ ಎದೆಯಲ್ಲೇ ಕಾರು ನಿಲ್ಲಿಸಿದ, ಇಳಿದ, ಬಲಬಾಗಿಲು ಹಿಡಿದು ನಿಂತ. ಆಮೇಲೆ ಡಿಂಪ್ನಾಳ ಮುಖ ಕಂಡಿತು. ಅವಳ ಬಾಗಿಲು ಒಂದು ಬೆರಳಷ್ಟು ತೆರೆದು ಟಕ್ಕೆಂದು ಕಲ್ಲುಗೋಡೆಗೆ ತಗುಲಿತ್ತು. ಹಾಳು ಅಭ್ಯಾಸ! ಹಿಂದಕ್ಕೆ ತೆಗೆಯೋಣವೆಂದರೆ ಮದುಮಗಳ ಕಾರೇ ಬೆನ್ನಿಗೆ ಬಂದು ನಿಂತಿತ್ತು.

ಡಿಂಪ್ನಾ ಗೇರು ದಾಟಿದಳು. ಹೊಸ ಕಾರಿನ ಹಾರ್ನು ಹಳೆಯದಕ್ಕಿಂತ ಎಷ್ಟೋ ಜೋರು. ಎರಡೂ ಕಡೆಯ ನೆಂಟರು, ಪಾದ್ರಿ, ಫೋಟೋದವನು ಎಲ್ಲರೂ ನೋಡುತ್ತಿದ್ದಂತೆ ಮೊದಲು ಹ್ಯಾಟು ಹೊರಗೆ ಬಂತು, ಹಿಂದಿನಿಂದ ಅವಳು ಬಂದಳು. ನೆಟ್ಟಗೆ ನಿಂತು ಗಂಡನ ಮುಂದೆ ಅಂಗೈ ಚಾಚಿದಳು. ಮ್ಯಾಲಕಿ ಕಾರಿನ ಕೀ ಅದರಲ್ಲಿಟ್ಟ.

ಮುಂದಿನ ಭಾನುವಾರ ಚರ್ಚಿಗೆ ಕಾರು ಓಡಿಸಿದವಳು ಡಿಂಪ್ನಾ. ಗೋಡೆಗೂ ಎಡಬಾಗಿಲಿಗೂ ನಡುವೆ ಒಂದು ಕಾಗದ ತೂರದಂತೆ ಕಾರು ನಿಲ್ಲಿಸಿ, ಇಳಿದು, ಬಲಬಾಗಿಲು ಹಿಡಿದು ನಿಂತಳು.

"ದಯಮಾಡಿಸಬೇಕು ಮಹಾರಾಜರು."

ಮ್ಯಾಲಕಿ ಊರವರ ಎದುರು ಒಂದು ಕಾಲು ಗೇರಿನ ಆಚೆ, ಒಂದು ಕಾಲು ಈಚೆ ಹಾಕಿ ಸಿಕ್ಕಿಕೊಂಡಿದ್ದಾಗ, ಪಕ್ಕದಲ್ಲೇ ತನ್ನ ಬೆಳ್ಳಿ ಕಾರಿಗೆ ಒರಗಿ ನಿಂತಿದ್ದ ಕಾಹಲ್ ಬಗ್ಗಿ ನೋಡಿದ.

"ಹೊಸ ನಂಬರು ಹೇಗಿದೆ, ಮ್ಯಾಲಕಿ?"

ಮ್ಯಾಲಕಿಯ ಮೊಣಕೈ ತಗುಲಿ ಹಾರ್ನೇ ಉತ್ತರ ಹೇಳಿತು.