ನನ್ನ ವ್ಯಾನಿನ ಮೆತ್ತನೆಯ ಬ್ರೇಕು

ವ್ಯಾನಿನ ಬ್ರೇಕ್ ರಿಪೇರಿಗೆ ನನಗಾದ ಖರ್ಚು: ನಾಲ್ಕು ಬಾಟಲಿ ಬ್ರೇಕ್ ಆಯಿಲ್, ಒಂದು ಹೊಸ ಪ್ಯಾಂಟು ಮತ್ತು ಕಮತಗಿಯ ನಿಶ್ಚಯದ ಊಟದಲ್ಲಿ ನನ್ನ ಪಾಲಿನ ಹೋಳಿಗೆ. ಕಾರಣ ಇಷ್ಟೇ, ಮೆಕ್ಯಾನಿಕ್ಕನ ಕೂಲಿ ಉಳಿಸಿದೆ!

ಇಳಕಲ್ಲಿನಲ್ಲಿ ನನ್ನದು ಸೀರೆ ಅಂಗಡಿ. ಹೆಗಲ ಮೇಲೆ ಗಂಟು ಹೊತ್ತು ಊರೂರು ತಿರುಗಿ ಮೇಲೆ ಬಂದವನು. ಹೇಳಿದ ಬೆಲೆಗೆ ಉಪ್ಪನ್ನೂ ಕೊಂಡವನಲ್ಲ. ಹುನಗುಂದದಲ್ಲಿ ಹಳೆಯ ಬಿಡಿಭಾಗ ಮಾರುವ ದಾದಾಪೀರನಿಂದ ಮುಂದಿನ ಚಕ್ರಗಳನ್ನು ಅಮುಕಿ ಹಿಡಿದು ನಿಲ್ಲಿಸುವ ಎರಡು ಬ್ರೇಕ್ ಕ್ಯಾಲಿಪರ್‌ಗಳನ್ನು ಅರ್ಧ ಬೆಲೆಗೆ ಕಿತ್ತುಕೊಂಡೆ.

"ಎಡಾ ಬಲಾ ನೋಡಿ ಹಚ್ಚರಿ ಸಾವಕಾರ್ರ. ಇಲ್ಲಾಂದ್ರ ನಾನ ಹಚ್ಚಿ ಕೊಡ್ತೇನಿ," ಅಂದ.

ಕೂಲಿ ಗಿಟ್ಟಿಸುವ ಉಪಾಯ! ಜೀವಮಾನವಿಡೀ ಎರಡೂ ಕಡೆ ಒಂದೇ ಅಂಚಿನ ಸೀರೆ ಮಾರಿದವನಿಗೆ ಎಡ-ಬಲದ ಪಾಠವೇ? ನಕ್ಕು ಬಂದೆ.

ಮರುದಿನ ನನ್ನ ಹೆಂಡತಿ ಶಾಂತಾಳ ಅಣ್ಣನ ಮಗಳ ನಿಶ್ಚಯ. ಹುಡುಗಿ ಉಟ್ಟು ಕೂರಬೇಕಾದ ಹಸಿರು ಸೀರೆ ನಮ್ಮ ಮನೆಯಲ್ಲೇ ಇತ್ತು. ಮಧ್ಯಾಹ್ನದೊಳಗೆ ಅದು ಕಮತಗಿ ಮುಟ್ಟಲೇಬೇಕು.

"ಬಸ್ಸಿಗೆ ಹೋಗೂಣ್ರಿ," ಅಂದಳು ಶಾಂತಾ.

"ಸ್ವಂತ ಗಾಡಿ ಇಟಗೊಂಡು ಬಸ್ಸಿಗೇನ? ಅರ್ಧಾ ತಾಸಿನ ಕೆಲಸ, ತಡಿ."

ಬೆಳಿಗ್ಗೆ ಕ್ಯಾಲಿಪರ್ ಹಚ್ಚಿದೆ. ಇನ್ನುಳಿದದ್ದು ಬ್ರೇಕಿನೊಳಗೆ ಹೊಕ್ಕ ಗಾಳಿ ತೆಗೆಯುವುದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನ ನಿಪ್ಪಲ್, ಅಂದರೆ ಗಾಳಿ ಬಿಡುವ ತಿರುಪು, ಸಡಿಲಿಸಿ ಗಾಳಿ ಬಿಟ್ಟು ಬಿಗಿಯಬೇಕು. ರೇಷ್ಮೆ ಸೀರೆಯುಟ್ಟು ಹೊರಟು ನಿಂತ ಶಾಂತಾಳನ್ನು ಡ್ರೈವರ್ ಸೀಟಿನಲ್ಲಿ ಪ್ರತಿಷ್ಠಾಪಿಸಿದೆ.

"ಒತ್ತು! ಹಿಡಿ! ಈಗ ಬಿಡು!"

"ಲಗ್ನ ಆದಾಗಿಂದ ನಿಮ್ಮ ಹುಕುಂ ಹಿಂಗ ನಡದೈತಿ."

"ಪೆಡಲ್ ಹೆಂಗೈತಿ?"

"ಹುಗ್ಗಿಯೊಳಗ ಕಾಲಿಟ್ಟಂಗ ಆಗತೈತ್ರಿ!"

ಎರಡನೆಯ ಬಾಟಲಿ ಮುಗಿಯಿತು. ಅದೇ ಹುಗ್ಗಿ. ಮೂರನೆಯದರಲ್ಲಿ ಅರ್ಧ ನನ್ನ ಪ್ಯಾಂಟು ಕುಡಿಯಿತು. ಕೊನೆಗೆ ನಾನು ಗಂಭೀರವಾಗಿ ತೀರ್ಪು ಕೊಟ್ಟೆ: ಮಾಲೇ ಖೋಟಾ! ದಾದಾಪೀರನಿಗೆ ಫೋನ್ ಹಚ್ಚಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಶಾಂತಾ ಕೆಳಗಿಳಿದು ಬಂದು ಬಗ್ಗಿ ನೋಡಿದಳು.

"ಏನ್ರಿ, ಗಾಳಿ ಮ್ಯಾಲೆ ಏರತೈತೋ, ಕೆಳಗ ಇಳಿತೈತೋ?"

"ಮ್ಯಾಲೆ. ಯಾಕ?"

"ಮತ್ತ ನಿಮ್ಮ ನಿಪ್ಪಲ್ ಯಾಕ ನೆಲಾ ನೋಡಾಕತ್ತೈತಿ? ಕುಕ್ಕರಿನ ಸೀಟಿ ಬುಡಕ್ಕ ಹಚ್ಚಿದಂಗಾತಲ್ರಿ!"

ನೋಡಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಗಾಳಿ ಮೇಲುಗಡೆ ಬೀಗರಂತೆ ಆರಾಮಾಗಿ ಕುಳಿತಿತ್ತು. ನಾನು ಕೆಳಗಿನ ಬಾಗಿಲಿನಿಂದ ಒಳ್ಳೆಯ ಆಯಿಲನ್ನೇ ಹೊರಗೆ ಕಳಿಸುತ್ತಿದ್ದೆ. ಫೋನಿನಲ್ಲಿ ದಾದಾಪೀರ "ಹೇಳ್ರಿ ಸಾವಕಾರ್ರ" ಎನ್ನುತ್ತಿದ್ದ. "ಆರಾಮ ಅದೀಯೇನ?" ಎಂದು ಕೇಳಿ ಇಟ್ಟೆ.

 ಶಾಂತಾ ಸೀರೆಯ ಚೀಲ ಬಗಲಿಗಿಟ್ಟು ಕಮತಗಿ ಮೇಲೆ ಹೋಗುವ ಬಾಗಲಕೋಟೆ ಬಸ್ಸು ಹಿಡಿಯಲು ನಡೆದೇಬಿಟ್ಟಳು.

ಕ್ಯಾಲಿಪರ್ ಅದಲು ಬದಲು ಮಾಡಿದೆ. ಈಗ ಪೆಡಲ್ ಒತ್ತುವವರು ಯಾರು? ಅಷ್ಟರಲ್ಲಿ ಪಕ್ಕದ ಮನೆಯ ಬಸಣ್ಣ ಬಂದ.

"ಹಳೇ ಗಾಡಿ ಒಂದ ತಗೋಬೇಕಂತ ಮಾಡೇನ್ರಿ. ನಿಮ್ಮ ಸಲಹಾ ಬೇಕಿತ್ತು."

"ಕೊಡ್ತೇನಿ. ಮೊದಲ ಸೀಟಿನ್ಯಾಗ ಕುಂಡರು."

ನಾಲ್ಕನೆಯ ಬಾಟಲಿಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು! ಓಣಿಯಲ್ಲಿ ಮೆಲ್ಲಗೆ ಓಡಿಸಿ, ನಿಲ್ಲಿಸಿ ನೋಡಿ, ಆಮೇಲೆ ಕಮತಗಿಗೆ ಹೊರಟೆ. ಬಸಣ್ಣ ಸಲಹೆ ಕೇಳದೆಯೇ ಮನೆಗೆ ಹೋಗಿದ್ದ.

ನಾನು ಮುಟ್ಟಿದಾಗ ಹಸಿರು ಸೀರೆಯಲ್ಲಿ ಹುಡುಗಿ ಕಳೆಕಳೆಯಾಗಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಶಾಂತಾ ನನ್ನ ಪ್ಯಾಂಟು ನೋಡಿ ನಕ್ಕಳು. ಅವಳ ಹಿಂದೆ ಚಪ್ಪರವೇ ನಕ್ಕಿತು. ಕೊನೆಯ ಪಂಕ್ತಿ. ನನಗೆ ಸಿಕ್ಕಿದ್ದು ಅನ್ನ, ಸಾರು.

ಓದುಗರೇ, ಗಾಳಿ ತೆಗೆದ ಮೇಲೂ ಪೆಡಲ್ ಮೆತ್ತಗಿದ್ದರೆ ಗಾಡಿಯನ್ನು ರಸ್ತೆಗೆ ತರಬೇಡಿ, ಇನ್ನೊಂದು ಬಾಟಲಿಯನ್ನೂ ತರಬೇಡಿ. ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯೇ ನೋಡಿ. ಗಾಳಿ ತೆಗೆಯುವಾಗ ಗಾಡಿಯೊಳಗಿನ ಬ್ರೇಕ್ ಆಯಿಲ್ ಡಬ್ಬಿ ಬರಿದಾಗಲು ಬಿಡಬೇಡಿ, ಮತ್ತೆ ಗಾಳಿ ಹೊಗುತ್ತದೆ. ಅಷ್ಟಾದರೂ ಆಗದಿದ್ದರೆ ಮೆಕ್ಯಾನಿಕ್ಕನ ಹತ್ತಿರ ಹೋಗಿ. ಕೂಲಿಗೆ ಚೌಕಾಸಿ ಮಾಡಬಹುದು, ನಾನಂತೂ ಬಿಟ್ಟಿಲ್ಲ. ಆದರೆ ಈಗೀಗ ಶಾಂತಾಳನ್ನೇ ಕಳಿಸುತ್ತೇನೆ. ಅವಳಿಗೆ ನನಗಿಂತ ಕಡಿಮೆಗೆ ಮಾಡಿಕೊಡುತ್ತಾರೆ!