ಬೆಂಡಿ ರಸಕ್ಕೆ ಪುರಾವೆ

ಮೂಡಲಗಿಯಲ್ಲಿ

ವಾಚನಾಲಯದ ಕಂಪ್ಯೂಟರ್ ಮುಂದೆ ಕುಳಿತ ಹೆಣ್ಣುಮಗಳಿಗೆ ನಾನು ಹೇಳಿದ್ದು ಎರಡೇ ಮಾತು: ಬೆಲ್ಲ, ಬೆಂಡಿ.

ಕುಲಗೋಡದಲ್ಲಿ ನಮ್ಮದು ಬೆಲ್ಲದ ಗಾಣ. ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡಿ ಗಿಡ ಜಜ್ಜಿ ರಸ ಹಾಕುತ್ತ ಬಂದಿದ್ದೇವೆ. ಈ ಸಲ ನನ್ನ ತಮ್ಮ, ಅಂಗಡಿಯ ರಾಸಾಯನಿಕ ಪೌಡರ್ ಹಾಕೋಣ ಎಂದ. ಬೆಲ್ಲ ಹಳದಿಯಾಗಿ ಹೊಳೆಯುತ್ತದಂತೆ. ಬೆಂಡಿಯೇ ಮೇಲು ಎಂದು ಅಚ್ಚಾದ ಕಾಗದ ತೋರಿಸಿದರೆ ಪೌಡರ್ ಬಿಡುತ್ತಾನಂತೆ. ಸೋಮವಾರ ಒಲೆ ಹೊತ್ತಿಸುವುದಿತ್ತು. ಅಂಥ ಸಂಶೋಧನಾ ಲೇಖನ ಇದೆ ಎಂದು ನನಗೆ ಗೊತ್ತು. ಬರೆದವರು ಒಂದು ಹಂಗಾಮು ನಮ್ಮ ಗಾಣದಲ್ಲೇ ಕೂತು ಕೇಳಿಕೊಂಡು ಹೋಗಿದ್ದರು.

ಆಕೆ ಹುಡುಕಲು ಶುರುಮಾಡಿದ್ದೇ ತಡ, ಪತ್ರಿಕೆ ಓದುತ್ತಿದ್ದ ಹಿರಿಯರೆಲ್ಲ ಎದ್ದು ಬಂದರು.

"ನಮ್ಮ ಎಮ್ಮಿ ಗಬ್ಬ ನಿಲ್ಲವಲ್ದು, ಅದನ್ನೂ ಹಾಕವ್ವ" ಎಂದರು ಒಬ್ಬರು. ಇನ್ನೊಬ್ಬರಿಗೆ ಮೊಣಕಾಲು ನೋವು. ಮತ್ತೊಬ್ಬರಿಗೆ ಅರಿಶಿಣದ ಕೊಳೆರೋಗ. ಹಿರಿಯರ ಮಾತು ತೆಗೆಯಬಾರದೆಂದು ಆಕೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬಡಿದಳು. ಬೆಲ್ಲ, ಬೆಂಡಿ, ಎಮ್ಮೆ, ಮೊಣಕಾಲು, ಅರಿಶಿಣ ಎಲ್ಲ ಒಟ್ಟಿಗೆ ಇರುವ ಲೇಖನ ಜಗತ್ತಿನಲ್ಲಿ ಒಂದೂ ಇರಲಿಲ್ಲ.

ಮತ್ತೆ ಹುಡುಕು ಎಂದೆ. ಒಂದು ಕಾರ್ಡಿಗೆ ದಿನಕ್ಕೆ ಒಂದೇ ಪುಸ್ತಕ, ಹುಡುಕಾಟವೂ ಒಂದೇ ಎಂದಳು.

ಎಮ್ಮೆಯವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋಡ್ರಿ ಕಾಕಾ, ಇಷ್ಟ್ ಮಂದಿ ಪಗಾರ ತಗೋತಾರ. ಒಬ್ಬನೂ ಸಂಶೋಧನಾ ಮಾಡಿಲ್ಲ."

ಹುಕ್ಕೇರಿಯಲ್ಲಿ

ಮರುದಿನ ಎರಡು ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಪರಿಚಯದವರೊಬ್ಬರ ಖಾಸಗಿ ಗ್ರಂಥಾಲಯ. ಅಂದು ಅಮಾವಾಸ್ಯೆ. ಕಂಪ್ಯೂಟರಿಗೆ ವಿಭೂತಿ ಬಳಿದು ಹೂ ಏರಿಸಿದ್ದರು. ಅಮಾವಾಸ್ಯೆಗೆ ಹೊಸ ಕೆಲಸ ಶುರುಮಾಡುವುದಿಲ್ಲ ಎಂದರು ಗ್ರಂಥಪಾಲಕರು.

ನನ್ನದು ಹಳೆಯ ಲೇಖನ ಎಂದೆ.

"ಲೇಖನ ಹಳೇದ ಖರೆ. ಹುಡುಕೋದು ಹೊಸಾದಲ್ಲೇನ್ರಿ?"

ಕಾಯಿ ಒಡೆದರು. ನನಗೂ ಒಂದು ಹೋಳು ಕೊಟ್ಟರು. ಅದನ್ನು ತಿನ್ನುತ್ತ ಎರಡು ಬಸ್ಸು ಬದಲಿಸಿ ಮನೆಗೆ ಬಂದೆ.

ಗೋಕಾಕದಲ್ಲಿ

ಶನಿವಾರ ಗೋಕಾಕದ ಒಂದು ಕಾಲೇಜು. ಅಲ್ಲಿಯ ಮೇಡಂ ಎರಡು ನಿಮಿಷದಲ್ಲಿ ಹುಡುಕಿ ತೆಗೆದರು. ನನಗೆ ಹಿಗ್ಗಾಯಿತು.

"ಅಜ್ಜಾರ, ನೀವು ಸಂಶೋಧಕರೇನ್ರಿ?"

"ಅಲ್ಲ. ಗಾಣದವ."

"ಹಂಗಾದ್ರ ಸಾರಾಂಶ ಅಷ್ಟ ಕೊಡಾಕ ಬರತೈತ್ರಿ. ಪೂರಾ ಲೇಖನ ಸಂಶೋಧಕರಿಗೆ ಮಾತ್ರ."

ಸಾರಾಂಶ ಆರು ಸಾಲು. ಮೇಡಂ ಓದಿ ಹೇಳಿದರು. ಬೆಂಡಿ ರಸ ಒಳ್ಳೆಯದು ಎಂದಿತ್ತು. ಕೊನೆಯ ಸಾಲಿನಲ್ಲಿ, ಈ ಪದ್ಧತಿ ತಿಳಿಸಿದವನು ಕುಲಗೋಡದ ಒಬ್ಬ ಗಾಣದ ರೈತ ಎಂದಿತ್ತು.

"ಅವ ನಾನ" ಎಂದೆ.

"ಇರಬಹುದ್ರಿ. ಸಂಶೋಧಕರ ಗುರುತಿನ ಚೀಟಿ ಐತೇನ್ರಿ?"

ನಾನು ಹೇಳಿದ್ದನ್ನು ಪೂರ್ತಿ ಓದಲು ನನಗೆ ಪರವಾನಗಿ ಇಲ್ಲ. ಸಾರಾಂಶವನ್ನಷ್ಟೇ ಕಿಸೆಯಲ್ಲಿಟ್ಟುಕೊಂಡು ಬಂದೆ.

ತಮ್ಮ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿದ. ಕೊನೆಯ ಸಾಲಿಗೆ ಬೆರಳಿಟ್ಟ.

"ಅಣ್ಣಾ, ಇದು ನೀನ ಹೇಳಿದ್ದು. ನಿನ್ನ ಮಾತಿಗೆ ನೀನ ಸಾಕ್ಷಿ ಆದ್ರ ಹೆಂಗ? ನಡಿಯಂಗಿಲ್ಲ."

ಸೋಮವಾರ ಕೊಪ್ಪರಿಗೆಗೆ ಪೌಡರ್ ಬಿತ್ತು. ಪೇಟೆಗೆ ಹೋಗುವ ಬೆಲ್ಲವೆಲ್ಲ ತೆಗೆದಾದ ಮೇಲೆ, ಮನೆಯಲ್ಲಿ ತಿನ್ನಲು ಬೆಂಡಿ ರಸ ಹಾಕಿ ಒಂದು ಕೊಪ್ಪರಿಗೆ ಬೇರೆ ಕಾಸು ಎಂದು ತಮ್ಮನೇ ಹೇಳಿದ. ಕಾಸಿದೆ.